ಮಜ್ಜೆಯೊಳಗಿನ ನೆರವು

ಆಟದ ಬಯಲಿನಲ್ಲಿ ಓಡುತ್ತಿದ್ದ ಬಾಲಕನೊಬ್ಬನು ಎಡವಿ ಬೀಳುತ್ತಾನೆ. ಅಂಗೈಯ ಚರ್ಮ ತರಚಿ ರಕ್ತ ಜಿನುಗುತ್ತದೆ. ಸ್ವಲ್ಪ ಹೊತ್ತಿನಲ್ಲಿಯೇ ರಕ್ತವು ಹೆಪ್ಪುಗಟ್ಟಿ ನಿಲ್ಲುತ್ತದೆ. ಮರುದಿನ ಗಾಯದ ಮೇಲೆ ಹಕ್ಕಳೆ ಕಟ್ಟುತ್ತದೆ. ಕೆಲವು ದಿನಗಳ ಮೇಲೆ ಹಕ್ಕಳೆ ಉದುರಿದಾಗ ಅದರ ಕೆಳಗೆ ಹೊಸ ಚರ್ಮ ಕಾಣಿಸಿಕೊಳ್ಳುತ್ತದೆ. ಅದೇ ಬಾಲಕನು ಮಾವಿನ ಮರದಿಂದ ಬಿದ್ದು ಮುಂಗೈಯ ಮೂಳೆಯನ್ನು ಮುರಿದುಕೊಂಡನೆಂದು ಭಾವಿಸೋಣ. ವೈದ್ಯರು ಮುರಿದ ತುದಿಗಳನ್ನು ಸರಿಯಾಗಿ ಜೋಡಿಸಿ, ಅಲುಗಾಡದಂತೆ ಪಟ್ಟಿ ಕಟ್ಟುತ್ತಾರೆ. ಆದರೆ ಮೂಳೆಯನ್ನು ಬೆಸೆಯುವವರು ವೈದ್ಯರಲ್ಲ. ದೇಹವೇ ಆ ಕೆಲಸವನ್ನು ಮಾಡಿಕೊಳ್ಳುತ್ತದೆ. ಕೆಲವು ತಿಂಗಳುಗಳ ಅನಂತರ ಮುರಿದ ಸ್ಥಳ ಯಾವುದೆಂದು ಹುಡುಕುವುದೂ ಕಷ್ಟವಾಗುತ್ತದೆ. ತನ್ನ ಗಾಯವನ್ನು ತಾನೇ ಮಾಯಿಸಿಕೊಳ್ಳುವ ಈ ಶಕ್ತಿಯು ಜೀವಿಗಳಿಗೆ ದೊರೆತಿರುವ ದೊಡ್ಡ ವರ.

ಆದರೆ ಈ ನಿಯಮಕ್ಕೆ ಅಪವಾದಗಳೂ ಉಂಟು. ಕೀಲುಗಳಲ್ಲಿ ಮೂಳೆಗಳ ತುದಿಯನ್ನು ಹೊದಿಸಿರುವ ನುಣುಪಾದ ಪದರವು ಅಂಥ ಅಪವಾದಗಳಲ್ಲಿ ಒಂದು. ಅದು ಒಮ್ಮೆ ಆಳವಾಗಿ ಹರಿದರೆ, ಇಲ್ಲವೆ ಸವೆದುಹೋದರೆ, ಮತ್ತೆ ಮೊದಲಿನಂತೆ ಬೆಳೆಯುವುದಿಲ್ಲ. ಆ ಪದರಕ್ಕೆ ಮೃದ್ವಸ್ಥಿ ಎಂದು ಹೆಸರು. ಮನುಷ್ಯನು ನಡೆಯುವುದು, ಕೂರುವುದು, ಮೆಟ್ಟಿಲು ಹತ್ತಿ ಇಳಿಯುವುದು ಎಲ್ಲವೂ ಈ ತೆಳುವಾದ ಪದರವನ್ನು ಅವಲಂಬಿಸಿವೆ. ಅದನ್ನು ಮತ್ತೆ ಬೆಳೆಸಬಹುದೇ ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ವಿಜ್ಞಾನಿಗಳು ಬಹುಕಾಲ ದುಡಿದಿದ್ದಾರೆ. ಅವರ ಪ್ರಯತ್ನದ ಕಥೆಯಲ್ಲಿ ಗೆಲುವೂ ಇದೆ, ಸೋಲೂ ಇದೆ. ಗೆಲುವೆಂದು ತೋರಿದ್ದನ್ನು ತಾವೇ ಒರೆಗೆ ಹಚ್ಚಿ ನೋಡಿದ ಪ್ರಾಮಾಣಿಕತೆಯೂ ಇದೆ.

ಮೃದ್ವಸ್ಥಿ ಎಂಬ ಹೆಸರು ಹೊಸದೆನಿಸಬಹುದು. ಆದರೆ ಆ ವಸ್ತು ಯಾರಿಗೂ ಅಪರಿಚಿತವಲ್ಲ. ಕಿವಿಯ ಮೇಲ್ಭಾಗವನ್ನು ಬೆರಳಿನಿಂದ ಮಡಿಸಿ ಬಿಟ್ಟರೆ ಅದು ಒಡನೆಯೇ ಮೊದಲಿನ ಆಕಾರಕ್ಕೆ ಮರಳುತ್ತದೆ. ಮೂಗಿನ ತುದಿಯನ್ನು ಅದುಮಿದರೆ ಬಾಗುತ್ತದೆ, ಆದರೆ ಮುರಿಯುವುದಿಲ್ಲ. ಮೂಳೆಯಷ್ಟು ಗಡುಸೂ ಅಲ್ಲದ, ಮಾಂಸದಷ್ಟು ಮೆತ್ತಗೂ ಇಲ್ಲದ ಆ ವಸ್ತುವೇ ಮೃದ್ವಸ್ಥಿ. ಕೀಲುಗಳಲ್ಲಿರುವುದು ಇದೇ ಕುಲಕ್ಕೆ ಸೇರಿದ, ಇನ್ನೂ ನಯವಾದ ಬಗೆ. ಅದು ನೀಲಿ ಛಾಯೆಯ ಬಿಳುಪಾಗಿ, ಹಾಲುಗಾಜಿನಂತೆ ಹೊಳೆಯುತ್ತದೆ. ಮಂಡಿಯಲ್ಲಿ ಅದರ ದಪ್ಪ ಹೆಚ್ಚಿನ ಕಡೆಗಳಲ್ಲಿ 2ರಿಂದ 4 ಮಿಲಿಮೀಟರ್ ಮಾತ್ರ.

ಇಷ್ಟು ತೆಳುವಾದ ಪದರ ಹೊರುವ ಭಾರ ಅಚ್ಚರಿ ಹುಟ್ಟಿಸುವಂಥದು. ಮೆಟ್ಟಿಲು ಇಳಿಯುವಾಗ ಮಂಡಿಯ ಮೇಲೆ ದೇಹದ ತೂಕದ ಮೂರು ಪಟ್ಟಿಗಿಂತ ಹೆಚ್ಚು ಒತ್ತಡ ಬೀಳುತ್ತದೆ. ಅದನ್ನು ತಾಳಿಕೊಳ್ಳುವ ಗುಟ್ಟು ಮೃದ್ವಸ್ಥಿಯ ರಚನೆಯಲ್ಲಿಯೇ ಇದೆ. ಅದರ ತೂಕದ ಬಹುಪಾಲು ನೀರು. ಕೊಲಾಜನ್ ಎಂಬ ಗಟ್ಟಿಯಾದ ಎಳೆಗಳು ಅದರೊಳಗೆ ಬಲೆಯಂತೆ ಹೆಣೆದುಕೊಂಡಿವೆ. ಆ ಬಲೆಯ ಕಣ್ಣುಗಳಲ್ಲಿ ನೀರನ್ನು ಹೀರಿ ಹಿಡಿದುಕೊಳ್ಳುವ ದೊಡ್ಡ ಅಣುಗಳು ಸಿಕ್ಕಿಕೊಂಡಿವೆ. ಹೆಸರುಕಾಳನ್ನು ನೆನೆಸಿ ಬಟ್ಟೆಯಲ್ಲಿ ಕಟ್ಟಿಟ್ಟರೆ ಕಾಳುಗಳು ಉಬ್ಬಿ ಗಂಟು ಬಿಗಿಯಾಗುವುದನ್ನು ಅಡುಗೆಮನೆಯಲ್ಲಿ ನೋಡಬಹುದು. ಕಾಳು ಹಿಗ್ಗಲು ಯತ್ನಿಸುತ್ತದೆ, ಬಟ್ಟೆ ತಡೆಯುತ್ತದೆ. ಈ ಎರಡರ ಸೆಣಸಾಟದಿಂದ ಗಂಟಿಗೆ ಗಟ್ಟಿತನ ಬರುತ್ತದೆ. ಮೃದ್ವಸ್ಥಿಯ ಬಲವೂ ಇಂಥದೇ. ಮೇಲಾಗಿ, ಕೀಲಿನೊಳಗಿನ ಲೋಳೆಯಂಥ ದ್ರವದಿಂದ ತೊಯ್ದ ಆ ಮೇಲ್ಮೈಗಳು ಒಂದರ ಮೇಲೊಂದು ಜಾರುವ ನಯಕ್ಕೆ ಮಂಜುಗಡ್ಡೆಯ ಮೇಲೆ ಮಂಜುಗಡ್ಡೆ ಜಾರುವುದೂ ಸಾಟಿಯಲ್ಲ.

ಇಂಥ ಅದ್ಭುತ ವಸ್ತು ತನ್ನನ್ನು ತಾನು ಏಕೆ ಸರಿಪಡಿಸಿಕೊಳ್ಳಲಾರದು? ಗಾಯ ಮಾಯಬೇಕಾದರೆ ಮೊದಲು ಅಲ್ಲಿಗೆ ರಕ್ತ ಬರಬೇಕು. ಆಹಾರ, ಆಮ್ಲಜನಕ, ದುರಸ್ತಿಯ ಕೆಲಸಕ್ಕೆ ಬೇಕಾದ ಜೀವಕೋಶಗಳು ಎಲ್ಲವೂ ರಕ್ತದ ಹಾದಿಯಲ್ಲಿಯೇ ಬರಬೇಕು. ಕೀಲಿನ ಮೃದ್ವಸ್ಥಿಯಲ್ಲಿ ರಕ್ತನಾಳಗಳೇ ಇಲ್ಲ. ಅಲ್ಲಿನ ಜೀವಕೋಶಗಳು ಬಹಳ ವಿರಳ. ಅವೂ ತಮ್ಮ ತಮ್ಮ ಗೂಡುಗಳಲ್ಲಿ ಬಂಧಿಗಳಂತೆ ಕುಳಿತಿರುತ್ತವೆ. ನಡೆಯುವಾಗ ಪದರವು ಒತ್ತಿ ಸಡಿಲಗೊಳ್ಳುವುದರಿಂದ ಸುತ್ತಲಿನ ದ್ರವವು ಒಳಗೆ ಹೊರಗೆ ಸೂಸುತ್ತದೆ. ಹಾಗೆ ಸೂಸಿ ಬಂದ ಆಹಾರದಿಂದ ಅವು ಬದುಕುತ್ತವೆ. ರಸ್ತೆಯಿಲ್ಲದ ಹಳ್ಳಿಯಲ್ಲಿ ಮನೆಯೊಂದು ಕುಸಿದರೆ ಇಟ್ಟಿಗೆಯೂ ಬರಲಾರದು, ಗಾರೆಯವನೂ ಬರಲಾರನು. ಮೃದ್ವಸ್ಥಿಯ ಪಾಡೂ ಅದೇ. ಅದರಲ್ಲಿ ನರಗಳೂ ಇಲ್ಲದ ಕಾರಣ, ಹಾನಿ ಆರಂಭವಾದಾಗ ನೋವಿನ ಎಚ್ಚರಿಕೆಯೂ ದೊರೆಯದೆ ಹೋಗಬಹುದು. ನೋವು ತಿಳಿಯುವ ವೇಳೆಗೆ ಎಷ್ಟೋ ಸವೆತ ಆಗಿಹೋಗಿರುತ್ತದೆ.

ಈ ಸತ್ಯವನ್ನು ವೈದ್ಯಲೋಕ ಬಹಳ ಹಿಂದೆಯೇ ಅರಿತಿತ್ತು. 1743ರಲ್ಲಿ ವಿಲಿಯಂ ಹಂಟರ್ ಎಂಬ ಸ್ಕಾಟ್ಲೆಂಡಿನ ತರುಣ ವೈದ್ಯನು ಕೀಲುಗಳ ಮೃದ್ವಸ್ಥಿಯ ರಚನೆ ಮತ್ತು ರೋಗಗಳನ್ನು ಕುರಿತು ಲಂಡನ್ನಿನ ರಾಯಲ್ ಸೊಸೈಟಿಗೆ ಪ್ರಬಂಧವೊಂದನ್ನು ಸಲ್ಲಿಸಿದನು. ಅವನಿಗೆ ಆಗ ಇಪ್ಪತ್ತೈದರ ಪ್ರಾಯ. ಹುಣ್ಣಾದ ಮೃದ್ವಸ್ಥಿಯು ಎಂದಿನಿಂದಲೂ ವೈದ್ಯರನ್ನು ಕಾಡಿರುವ ತೊಂದರೆಯೆಂದೂ, ಒಮ್ಮೆ ನಾಶವಾದರೆ ಅದು ಮರಳಿ ಬರುವುದಿಲ್ಲವೆಂದೂ ಅವನು ಬರೆದನು. ಎರಡು ಶತಮಾನಗಳಿಗೂ ಮೀರಿ ವೈದ್ಯರು ಆ ಮಾತನ್ನು ತೀರ್ಪಿನಂತೆ ಒಪ್ಪಿಕೊಂಡರು.

ಆ ತೀರ್ಪಿನ ಭಾರವನ್ನು ಹೊತ್ತವರು ಸಾಮಾನ್ಯ ಜನರು. ವಯಸ್ಸಾದಂತೆ ಮಂಡಿಯ ಮೃದ್ವಸ್ಥಿ ಸವೆದು, ಮೂಳೆಗೆ ಮೂಳೆ ತಾಗಿ, ಕೀಲು ಊದಿ ನೋಯುವ ರೋಗವು ಲೋಕದ ಎಲ್ಲ ದೇಶಗಳಲ್ಲಿಯೂ ಇದೆ. ನೆಲದ ಮೇಲೆ ಕುಳಿತು ಉಣ್ಣುವ, ಕುಕ್ಕರಗಾಲಿನಲ್ಲಿ ಕುಳಿತು ಕೆಲಸ ಮಾಡುವ ಜನರಿಗೆ ಮಂಡಿ ಮಡಿಸಲಾಗದ ಸ್ಥಿತಿ ಬಂದರೆ ಬದುಕಿನ ರೀತಿಯೇ ಬದಲಾಗಬೇಕಾಗುತ್ತದೆ. ತೀರ ಸವೆದ ಕೀಲನ್ನು ತೆಗೆದು ಲೋಹ ಮತ್ತು ಪ್ಲಾಸ್ಟಿಕ್ಕಿನ ಕೃತಕ ಕೀಲನ್ನು ಜೋಡಿಸುವ ಶಸ್ತ್ರಚಿಕಿತ್ಸೆಯು ಲಕ್ಷಾಂತರ ವೃದ್ಧರನ್ನು ಮತ್ತೆ ನಡೆಯುವಂತೆ ಮಾಡಿದೆ. ಆದರೆ ಕೃತಕ ಕೀಲೂ ಕಾಲಕ್ರಮದಲ್ಲಿ ಸವೆಯುತ್ತದೆ. ಆಟದಲ್ಲಿ ಬಿದ್ದು ಮಂಡಿಯ ಮೃದ್ವಸ್ಥಿಗೆ ಪೆಟ್ಟು ಮಾಡಿಕೊಂಡ ಇಪ್ಪತ್ತರ ತರುಣನಿಗೆ ಅದು ತಕ್ಕ ಪರಿಹಾರವಲ್ಲ. ಅವನಿಗೆ ಬೇಕಾದುದು ಕಳೆದುಹೋದ ಆ ತೆಳುಪದರವೇ.

ಹಿತ್ತಲ ಗಿಡ ಮದ್ದಲ್ಲ ಎಂಬುದೊಂದು ಗಾದೆ. ಹತ್ತಿರದಲ್ಲಿರುವ ವಸ್ತುವಿನ ಬೆಲೆ ಜನರಿಗೆ ತಿಳಿಯುವುದಿಲ್ಲವೆಂಬುದು ಅದರ ಇಂಗಿತ. ಮೃದ್ವಸ್ಥಿಯ ಹಿತ್ತಲಿನಲ್ಲಿಯೂ ಅಂಥ ಗಿಡವೊಂದಿತ್ತು. ಮೃದ್ವಸ್ಥಿಯ ಕೆಳಗೆ ಗಟ್ಟಿ ಮೂಳೆಯ ತೆಳುವಾದ ಹಲಗೆಯೊಂದಿದೆ. ಆ ಹಲಗೆಯ ಆಚೆಗೆ ಜೇನುಗೂಡಿನಂಥ ಮೂಳೆಯ ಸಂದುಗಳಲ್ಲಿ ಮಜ್ಜೆ ತುಂಬಿದೆ. ಮಜ್ಜೆಯು ರಕ್ತಸಮೃದ್ಧವಾದುದು. ದೇಹದ ರಕ್ತಕಣಗಳು ಹುಟ್ಟುವುದು ಕೆಂಪು ಮಜ್ಜೆಯಲ್ಲಿ. ಒಬ್ಬರ ಮಜ್ಜೆಯನ್ನು ಇನ್ನೊಬ್ಬರಿಗೆ ಕೊಟ್ಟು ರಕ್ತದ ರೋಗಗಳನ್ನು ಗುಣಪಡಿಸುವ ಪ್ರಯತ್ನವನ್ನು ಅಮೆರಿಕದ ಡೊನಾಲ್ ಥಾಮಸ್ ಎಂಬ ವೈದ್ಯರು 1957ರಲ್ಲಿ ಪ್ರಕಟಿಸಿದರು. ಆ ಮಾರ್ಗದಲ್ಲಿ ಸಾಧಿಸಿದ ಯಶಸ್ಸಿಗಾಗಿ 1990ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. 1961ರಲ್ಲಿ ಕೆನಡಾದ ಟೊರಾಂಟೊ ನಗರದ ಟಿಲ್ ಮತ್ತು ಮೆಕ್ಕಲಕ್ ಎಂಬ ವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗ ನಡೆಸಿ, ಮಜ್ಜೆಯ ಒಂದೇ ಜೀವಕೋಶದಿಂದ ಬೇರೆ ಬೇರೆ ಬಗೆಯ ರಕ್ತಕಣಗಳು ಹುಟ್ಟಬಲ್ಲವೆಂಬುದಕ್ಕೆ ಆಧಾರ ಒದಗಿಸಿದರು. ತಾನು ಹೆಚ್ಚುತ್ತ, ಬೇರೆ ಬಗೆಯ ಕೋಶಗಳಿಗೂ ಜನ್ಮ ಕೊಡುವ ಇಂಥ ಜೀವಕೋಶಕ್ಕೆ ಆಕರಕೋಶ ಎಂದು ಹೆಸರು. ಪತ್ರಿಕೆಗಳಲ್ಲಿ ಸ್ಟೆಮ್ ಸೆಲ್ ಎಂದು ಕಾಣಿಸಿಕೊಳ್ಳುವುದೂ ಇದೇ.

ಮೃದ್ವಸ್ಥಿಗೂ ಮಜ್ಜೆಗೂ ನಡುವೆ ಇರುವ ಗೋಡೆಯನ್ನು ತೂತು ಮಾಡಿದರೆ ಏನಾದೀತು? ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಶಸ್ತ್ರವೈದ್ಯ ಕೆನೆತ್ ಪ್ರಿಡೀ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಸವೆದ ಮಂಡಿಗಳಲ್ಲಿ ಮೂಳೆಯನ್ನು ಸಣ್ಣ ಸಣ್ಣದಾಗಿ ಕೊರೆದು, ಮಜ್ಜೆಯ ರಕ್ತ ಮೇಲಕ್ಕೆ ಒಸರುವಂತೆ ಮಾಡಿದ ತಮ್ಮ ಅನುಭವವನ್ನು ಅವರು 1959ರಲ್ಲಿ ಪ್ರಕಟಿಸಿದರು. ಮುಂದೆ 1980ರ ದಶಕದಲ್ಲಿ ಅಮೆರಿಕದ ರಿಚರ್ಡ್ ಸ್ಟೆಡ್‌ಮನ್ ಎಂಬುವರು ಚೂಪಾದ ದಬ್ಬಳದಂಥ ಉಪಕರಣದಿಂದ ಮೂರು ನಾಲ್ಕು ಮಿಲಿಮೀಟರ್ ಅಂತರದಲ್ಲಿ ತೂತುಗಳನ್ನಿಡುವ ವಿಧಾನವನ್ನು ರೂಢಿಗೆ ತಂದರು. ತೂತುಗಳಿಂದ ಬಂದ ರಕ್ತವು ಗಾಯದ ಗುಳಿಯಲ್ಲಿ ಹೆಪ್ಪುಗಟ್ಟಿತು. ಹೆಪ್ಪಿನಲ್ಲಿ ಹೊಸ ಪದರ ಬೆಳೆಯಿತು. ಅನೇಕರಿಗೆ ನೋವು ಇಳಿಯಿತು. ಆದರೆ ಸೂಕ್ಷ್ಮದರ್ಶಕದ ಕೆಳಗೆ ಇಟ್ಟಾಗ ಆ ಪದರವು ಬಹುಮಟ್ಟಿಗೆ ಗಾಜಿನಂಥ ಮೃದ್ವಸ್ಥಿಯಾಗಿರಲಿಲ್ಲ. ಅದು ನಾರು ನಾರಾದ, ಒರಟಾದ ಇನ್ನೊಂದು ಬಗೆ. ಭಾರವನ್ನು ಬಹುಕಾಲ ತಾಳುವಂಥದಲ್ಲ. ರೇಷ್ಮೆಯ ಸೀರೆ ಹರಿದಲ್ಲಿ ಗೋಣಿಯ ತೇಪೆ ಹಾಕಿದಂತಾಯಿತು. ಹಾಗಿದ್ದರೂ ಒಂದು ವಿಷಯ ಸ್ಪಷ್ಟವಾಯಿತು: ಮಜ್ಜೆಯ ನೆರವು ದೊರೆತರೆ ಮೃದ್ವಸ್ಥಿಯ ಗುಳಿ ಬರಿದಾಗಿಯೇ ಉಳಿಯಬೇಕಾಗಿಲ್ಲ.

ಮಜ್ಜೆಯಲ್ಲಿರುವ ಆ ದುರಸ್ತಿಗಾರ ಯಾರು? ಇದಕ್ಕೆ ಉತ್ತರ ಮಾಸ್ಕೋ ನಗರದ ಪ್ರಯೋಗಶಾಲೆಯೊಂದರಲ್ಲಿ ಸಿದ್ಧವಾಗುತ್ತಿತ್ತು. ಅಲ್ಲಿನ ಗಮಲೇಯ ಸಂಸ್ಥೆಯಲ್ಲಿ ದುಡಿಯುತ್ತಿದ್ದ ಅಲೆಕ್ಸಾಂಡರ್ ಫ್ರೀಡೆನ್‌ಸ್ಟೈನ್ ಮತ್ತು ಅವರ ಸಂಗಡಿಗರು 1960ರ ದಶಕದಲ್ಲಿ ಪ್ರಾಣಿಗಳ ಮಜ್ಜೆಯನ್ನು ದೇಹದ ಬೇರೊಂದು ಭಾಗದಲ್ಲಿಟ್ಟು ನೋಡಿದರು. ಮೂಳೆಯೇ ಇರಬಾರದ ಆ ಸ್ಥಳದಲ್ಲಿ ಮೂಳೆ ಬೆಳೆಯಿತು! ರಕ್ತವನ್ನು ಹುಟ್ಟಿಸುವ ಮಜ್ಜೆಯಲ್ಲಿ ಮೂಳೆಯನ್ನು ಕಟ್ಟುವ ಕೋಶಗಳೂ ಇವೆಯೆಂದಾಯಿತು. ಅವುಗಳನ್ನು ಬೇರ್ಪಡಿಸಿದ ಉಪಾಯವು ಅತ್ಯಂತ ಸರಳವಾದುದು. ಮಜ್ಜೆಯನ್ನು ಪೋಷಕದ್ರವದೊಡನೆ ತಟ್ಟೆಯಲ್ಲಿ ಹರಡಿದಾಗ ರಕ್ತವನ್ನು ಹುಟ್ಟಿಸುವ ಕೋಶಗಳು ದ್ರವದಲ್ಲಿ ತೇಲುತ್ತಿದ್ದವು. ಕೆಲವೇ ಕೆಲವು ಕೋಶಗಳು ಮಾತ್ರ ತಟ್ಟೆಯ ತಳಕ್ಕೆ ಅಂಟಿಕೊಂಡವು. ತೇಲುವುದನ್ನು ಚೆಲ್ಲಿ, ಅಂಟಿದುದನ್ನು ಸಾಕಿದರು. ಕದಿರಿನಂತೆ ಎರಡು ತುದಿ ಚೂಪಾದ ಆ ಕೋಶಗಳು ಒಂದೊಂದೂ ಒಂದೊಂದು ಬಳಗವಾಗಿ ಬೆಳೆದವು. 1970ರಲ್ಲಿ ಅವರು ಗಿನಿ ಹಂದಿಗಳ ಮಜ್ಜೆಯಿಂದ ಬೆಳೆದ ಇಂಥ ಬಳಗಗಳನ್ನು ವರ್ಣಿಸಿದರು. ಮನುಷ್ಯನ ಮಜ್ಜೆಯಲ್ಲಿಯೂ ಇಂಥ ಕೋಶಗಳಿವೆ. ಆದರೆ ಅವು ಹತ್ತು ಸಾವಿರದಿಂದ ಒಂದು ಲಕ್ಷ ಕೋಶಗಳಿಗೆ ಒಂದರಷ್ಟು ಮಾತ್ರ ಎಂದು ಎಣಿಸಲಾಗಿದೆ. ಇಂಥ ವಿರಳವಾದುದು ಕಣ್ಣಿಗೆ ಬಿದ್ದುದಕ್ಕೆ ಎಸೆಯಬಹುದಾದ ತಟ್ಟೆಯ ತಳವನ್ನು ತಾಳ್ಮೆಯಿಂದ ನೋಡಿದುದೇ ಕಾರಣ.

ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಆರ್ನಾಲ್ಡ್ ಕ್ಯಾಪ್ಲನ್ ಎಂಬ ವಿಜ್ಞಾನಿ 1991ರಲ್ಲಿ ಈ ಕೋಶಗಳಿಗೆ ಮೆಸೆಂಕೈಮ ಆಕರಕೋಶ ಎಂಬ ಹೆಸರನ್ನು ಪ್ರಚಾರಕ್ಕೆ ತಂದರು. ಭ್ರೂಣದಲ್ಲಿ ಮೂಳೆ, ಮೃದ್ವಸ್ಥಿ, ಕೊಬ್ಬು ಮೊದಲಾದವುಗಳಿಗೆ ಮೂಲವಾದ ಅಂಗಾಂಶಕ್ಕೆ ಮೆಸೆಂಕೈಮ ಎನ್ನುತ್ತಾರೆ. 1998ರಲ್ಲಿ ಕ್ಯಾಪ್ಲನ್ನರೂ ಅವರ ಸಹೋದ್ಯೋಗಿಗಳೂ ಮೊಲದ ಮಜ್ಜೆಯ ಕೋಶಗಳನ್ನು ಒಟ್ಟುಗೂಡಿಸಿ ಸಣ್ಣ ಉಂಡೆಯಂತೆ ಮಾಡಿ, ಬೆಳವಣಿಗೆಯನ್ನು ಪ್ರಚೋದಿಸುವ ಪ್ರೋಟೀನೊಂದನ್ನು ಪೋಷಕದ್ರವಕ್ಕೆ ಬೆರೆಸಿದಾಗ, ಅವು ಮೃದ್ವಸ್ಥಿಯ ಕೋಶಗಳಾಗಿ ಮಾರ್ಪಟ್ಟವೆಂದು ತೋರಿಸಿದರು. ಮರುವರ್ಷ ಮನುಷ್ಯನ ಮಜ್ಜೆಯ ಕೋಶಗಳೂ ಮೂಳೆ, ಮೃದ್ವಸ್ಥಿ, ಕೊಬ್ಬು ಈ ಮೂರೂ ಆಗಬಲ್ಲವೆಂಬುದು ಪ್ರಕಟವಾಯಿತು. ಹಂಟರನ ತೀರ್ಪನ್ನು ಮತ್ತೆ ವಿಚಾರಿಸುವ ಕಾಲ ಬಂದಿತೆಂದು ಅನೇಕರಿಗೆ ತೋರಿತು.

ಆದರೆ ತಟ್ಟೆಯಲ್ಲಿ ಬೆಳೆಯುವುದು ಬೇರೆ, ನಡೆದಾಡುವ ಮನುಷ್ಯನ ಮಂಡಿಯಲ್ಲಿ ಬೆಳೆಯುವುದು ಬೇರೆ. ಜಪಾನಿನ ಶಸ್ತ್ರವೈದ್ಯ ಶಿಗೆಯೂಕಿ ವಾಕಿತಾನಿಯವರು ಕ್ಯಾಪ್ಲನ್ನರೊಡನೆ ಸೇರಿ ಮೊಲಗಳ ಮೇಲೆ ನಡೆಸಿದ ಪ್ರಯೋಗಗಳನ್ನು 1994ರಲ್ಲಿ ಪ್ರಕಟಿಸಿದ್ದರು. ಮುಂದೆ ಜಪಾನಿನಲ್ಲಿ ಅವರೂ ಅವರ ಸಂಗಡಿಗರೂ ರೋಗಿಗಳಿಗೆ ಈ ಚಿಕಿತ್ಸೆಯನ್ನು ಮಾಡಿದರು. ರೋಗಿಯ ಸೊಂಟದ ಮೂಳೆಯಿಂದ ಸೂಜಿಯ ಮೂಲಕ ಸ್ವಲ್ಪ ಮಜ್ಜೆಯನ್ನು ಹೀರಿ, ಅದರಲ್ಲಿನ ಆಕರಕೋಶಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ ಹೆಚ್ಚಿಸಿದರು. ಅವುಗಳನ್ನು ಕೊಲಾಜನ್ನಿನ ಪಾಕದಲ್ಲಿ ಬೆರೆಸಿ ಮಂಡಿಯ ಗುಳಿಯಲ್ಲಿರಿಸಿ, ಮೂಳೆಯ ಮೇಲಿನ ಪೊರೆಯ ತುಣುಕನ್ನು ಹೊದಿಸಿ ಹೊಲಿದರು. 2002ರಲ್ಲಿ ಪ್ರಕಟವಾದ ವರದಿಯಲ್ಲಿ 24 ಮಂಡಿಗಳ ವಿವರವಿದೆ. ಎಲ್ಲ ರೋಗಿಗಳಿಗೂ ಕಾಲಿನ ಡೊಂಕನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಯಾಗಿತ್ತು. 12 ಮಂಡಿಗಳಿಗೆ ಕೋಶಗಳನ್ನು ಸೇರಿಸಿದರು. ಉಳಿದ 12ಕ್ಕೆ ಕೋಶಗಳಿಲ್ಲದ ಪಾಕವನ್ನಿಟ್ಟರು. ಮತ್ತೆ ಪರೀಕ್ಷಿಸಿದಾಗ ಕೋಶಗಳನ್ನು ಪಡೆದ ಮಂಡಿಗಳಲ್ಲಿ ಗುಳಿ ಹೆಚ್ಚು ಚೆನ್ನಾಗಿ ತುಂಬಿತ್ತು. ಆದರೆ ರೋಗಿಗಳ ನೋವು, ನಡಿಗೆಗಳನ್ನು ಅಳೆದಾಗ ಎರಡು ಗುಂಪುಗಳಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ವಾಕಿತಾನಿಯವರು ಎರಡು ಸಂಗತಿಗಳನ್ನೂ ಮುಚ್ಚಿಡದೆ ಬರೆದರು. ಅಷ್ಟಕ್ಕೇ ತೃಪ್ತರಾಗದೆ, ಕೋಶಗಳಿಂದ ಕೇಡೇನಾದರೂ ಆದೀತೇ ಎಂದು ವರ್ಷಗಟ್ಟಲೆ ಕಾದು ನೋಡಿದರು. 41 ರೋಗಿಗಳ 45 ಕೀಲುಗಳನ್ನು, ಕೆಲವರನ್ನು ಹನ್ನೊಂದು ವರ್ಷಗಳಿಗೂ ಮೀರಿ, ಗಮನಿಸಿದ ವರದಿಯು 2011ರಲ್ಲಿ ಹೊರಬಂದಿತು. ಗಂತಿಯಾಗಲಿ ಸೋಂಕಾಗಲಿ ಯಾರಲ್ಲಿಯೂ ಕಂಡುಬಂದಿರಲಿಲ್ಲ.

ಈ ನಡುವೆ ಇನ್ನೊಂದು ಮಾರ್ಗವೂ ತೆರೆದುಕೊಂಡಿತ್ತು. ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದ ವೈದ್ಯರು ರೋಗಿಯ ಮಂಡಿಯಿಂದಲೇ ಆರೋಗ್ಯವಾದ ಮೃದ್ವಸ್ಥಿಯ ಚೂರನ್ನು ತೆಗೆದು, ಅದರ ಕೋಶಗಳನ್ನು ಬೆಳೆಸಿ, ಮತ್ತೆ ಗಾಯದಲ್ಲಿ ನೆಡುವ ವಿಧಾನವನ್ನು 1994ರಲ್ಲಿ 23 ರೋಗಿಗಳ ಉದಾಹರಣೆಯೊಡನೆ ಪ್ರಕಟಿಸಿದರು. ಅದು ಫಲಕಾರಿಯಾದರೂ ಒಂದು ಕೊರತೆಯಿತ್ತು: ಒಂದು ಗಾಯವನ್ನು ಮುಚ್ಚಲು ಇನ್ನೊಂದು ಕಡೆ ಗಾಯ ಮಾಡಬೇಕಾಗಿತ್ತು, ಮಂಡಿಗೆ ಎರಡು ಬಾರಿ ಶಸ್ತ್ರ ತಾಗಿಸಬೇಕಾಗಿತ್ತು. ಮಜ್ಜೆಯ ಕೋಶಗಳು ಈ ಕೊರತೆಯನ್ನು ನೀಗಬಲ್ಲವೇ? ಸಿಂಗಪುರದ ವೈದ್ಯರು 72 ರೋಗಿಗಳನ್ನು ಸಮನಾದ ಎರಡು ಗುಂಪುಗಳಲ್ಲಿ ಹೋಲಿಸಿ ನೋಡಿ, 2010ರಲ್ಲಿ ತಮ್ಮ ನಿರ್ಣಯವನ್ನು ತಿಳಿಸಿದರು. ಮಜ್ಜೆಯ ಆಕರಕೋಶಗಳು ಮೃದ್ವಸ್ಥಿಯ ಕೋಶಗಳಷ್ಟೇ ಗುಣ ಕೊಟ್ಟಿದ್ದವು. ಮಂಡಿಗೆ ಒಂದು ಶಸ್ತ್ರಚಿಕಿತ್ಸೆ ಉಳಿದಿತ್ತು, ಖರ್ಚೂ ಕಡಿಮೆಯಾಗಿತ್ತು.

ಇಂಥ ಸುದ್ದಿಗಳು ಹರಡಿದಂತೆ ಜನರ ಆಸೆಯೂ ಬೆಳೆಯಿತು. ಕೋಶಗಳನ್ನು ಬೆಳೆಸುವ ಗೋಜಿಲ್ಲದೆ, ಮಜ್ಜೆಯನ್ನು ಹೀರಿ, ಸಾಂದ್ರಗೊಳಿಸಿ, ಅಂದೇ ಮಂಡಿಗೆ ಚುಚ್ಚುವ ಸುಲಭ ಚಿಕಿತ್ಸೆ ಅನೇಕ ದೇಶಗಳಲ್ಲಿ ಪ್ರಚಾರಕ್ಕೆ ಬಂದಿತು. ಚುಚ್ಚಿಸಿಕೊಂಡವರು ನೋವು ಇಳಿಯಿತೆಂದು ಹೇಳಿದರು. ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಏಕೆ ಬೇಕು ಎಂದು ಯಾರಾದರೂ ಕೇಳಬಹುದು. ಆದರೆ ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈದ್ಯರು ಪ್ರಮಾಣಿಸಿ ನೋಡಿದ ರೀತಿ ನೆನಪಿನಲ್ಲಿಡತಕ್ಕದ್ದು. ಎರಡೂ ಮಂಡಿಗಳು ಸವೆದು ನೋಯುತ್ತಿದ್ದ 25 ಜನರನ್ನು ಅವರು ಆರಿಸಿಕೊಂಡರು. ಪ್ರತಿಯೊಬ್ಬರ ಒಂದು ಮಂಡಿಗೆ ಅವರದೇ ಮಜ್ಜೆಯ ಸಾರವನ್ನು ಚುಚ್ಚಿದರು; ಇನ್ನೊಂದಕ್ಕೆ ಬರಿಯ ಉಪ್ಪುನೀರಿನ ದ್ರಾವಣವನ್ನು ಚುಚ್ಚಿದರು. ಯಾವ ಮಂಡಿಗೆ ಯಾವುದು ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದರು, ರೋಗಿಗೆ ತಿಳಿಸಲಿಲ್ಲ. ಆರು ತಿಂಗಳ ಅನಂತರ ವಿಚಾರಿಸಿದಾಗ ಮಜ್ಜೆ ಪಡೆದ ಮಂಡಿಯ ನೋವು ಇಳಿದಿತ್ತು. ಉಪ್ಪುನೀರು ಪಡೆದ ಮಂಡಿಯ ನೋವೂ ಅಷ್ಟೇ ಇಳಿದಿತ್ತು!

2017ರಲ್ಲಿ ಪ್ರಕಟವಾದ ಈ ಫಲಿತಾಂಶದ ಅರ್ಥವೇನು? ಮನುಷ್ಯನ ಮನಸ್ಸಿಗೂ ನೋವಿಗೂ ಹತ್ತಿರದ ನಂಟಿದೆ. ಚಿಕಿತ್ಸೆ ದೊರೆಯಿತೆಂಬ ನಂಬಿಕೆಯೇ ನೋವನ್ನು ತಗ್ಗಿಸಬಹುದು. ನೋವು ತಾನಾಗಿಯೇ ಏರುವುದೂ ಇಳಿಯುವುದೂ ಉಂಟು. ಒಂದೇ ಮಂಡಿಗೆ ಚಿಕಿತ್ಸೆ ಮಾಡಿ ಗುಣವಾಯಿತೆಂದು ಸಾರಿಬಿಡಬಹುದಾಗಿತ್ತು. ಇನ್ನೊಂದು ಮಂಡಿಯು ಸಾಕ್ಷಿಯಾಗಿ ನಿಂತು ಸತ್ಯವನ್ನು ನುಡಿಯಿತು. 2023ರಲ್ಲಿ ಅಮೆರಿಕದಲ್ಲಿ 475 ರೋಗಿಗಳ ಮೇಲೆ ನಡೆದ ಇನ್ನೂ ದೊಡ್ಡ ಪರೀಕ್ಷೆಯ ವರದಿ ಬಂದಿತು. ಮಜ್ಜೆಯ ಕೋಶಗಳು, ಕೊಬ್ಬಿನ ಕೋಶಗಳು, ಹೊಕ್ಕುಳಬಳ್ಳಿಯ ಕೋಶಗಳು ಇವುಗಳಲ್ಲಿ ಯಾವುದೂ ಒಂದು ವರ್ಷದ ಅನಂತರ, ಬಹುಕಾಲದಿಂದ ಬಳಕೆಯಲ್ಲಿರುವ ಸ್ಟೀರಾಯ್ಡ್ ಚುಚ್ಚುಮದ್ದಿಗಿಂತ ಮಿಗಿಲಾಗಿ ನೋವನ್ನು ಇಳಿಸಿರಲಿಲ್ಲ.

ಹಾಗಾದರೆ ಇಷ್ಟು ಶ್ರಮವೂ ವ್ಯರ್ಥವಾಯಿತೇ? ಇಲ್ಲ. ಎಲ್ಲಿ ಎಡವಿದೆವೆಂದು ತಿಳಿಯುವುದೂ ಜ್ಞಾನವೇ. ಮೊದಲನೆಯದಾಗಿ, ಪೆಟ್ಟಿನಿಂದಾದ ಸಣ್ಣ ಗುಳಿಯನ್ನು ತುಂಬುವುದು ಬೇರೆ, ಇಡೀ ಕೀಲು ಸವೆದುಹೋದ ರೋಗವನ್ನು ಗುಣಪಡಿಸುವುದು ಬೇರೆ ಎಂಬುದು ಸ್ಪಷ್ಟವಾಯಿತು. ಒಂದಕ್ಕೆ ಒದಗಿದ ಉಪಾಯವು ಇನ್ನೊಂದಕ್ಕೆ ಒದಗಬೇಕೆಂದಿಲ್ಲ. ಎರಡನೆಯದಾಗಿ, ಆಕರಕೋಶಗಳ ಸ್ವಭಾವವೇ ಹೆಚ್ಚು ತಿಳಿದುಬಂದಿತು. ಚುಚ್ಚಿದ ಕೋಶಗಳು ಹೆಚ್ಚಾಗಿ ಅಲ್ಲಿಯೇ ನೆಲಸಿ ಮೃದ್ವಸ್ಥಿಯಾಗುವುದಿಲ್ಲ. ಅವು ಸ್ರವಿಸುವ ವಸ್ತುಗಳು ಸುತ್ತಲಿನ ಕೋಶಗಳಿಗೆ ಸಂದೇಶಗಳಂತೆ ಕೆಲಸ ಮಾಡುತ್ತವೆ. ಈ ಕಾರಣದಿಂದ ಕ್ಯಾಪ್ಲನ್ನರೇ 2017ರಲ್ಲಿ, ತಾವು ರೂಢಿಗೆ ತಂದ ಹೆಸರನ್ನು ಬದಲಾಯಿಸಬೇಕೆಂದು ಬರೆದರು. ತನ್ನ ಮಾತನ್ನು ತಾನೇ ತಿದ್ದಿಕೊಳ್ಳಲು ಹಿಂಜರಿಯದಿರುವುದು ನಿಜವಾದ ವಿದ್ವಾಂಸನ ಲಕ್ಷಣ.

ಮೂರನೆಯ ಪಾಠವು ಬೆಳೆಯುವ ಮಕ್ಕಳ ದೇಹಕ್ಕೆ ಸಂಬಂಧಿಸಿದುದು. ಮಕ್ಕಳ ಕೈಕಾಲಿನ ಉದ್ದ ಮೂಳೆಗಳ ತುದಿಗಳ ಬಳಿ ಮೃದ್ವಸ್ಥಿಯ ತೆಳುವಾದ ಪಟ್ಟಿಯಿರುತ್ತದೆ. ಅದು ಬೆಳೆಯುತ್ತ ಬೆಳೆಯುತ್ತ ಮೂಳೆಯಾಗುವುದರಿಂದಲೇ ಮಕ್ಕಳು ಎತ್ತರವಾಗುತ್ತಾರೆ. ಮಜ್ಜೆಯ ಕೋಶಗಳಿಂದ ಬೆಳೆಸಿದ ಮೃದ್ವಸ್ಥಿಯೂ ಇದೇ ಹಾದಿ ಹಿಡಿದು ಮೂಳೆಯಾಗಲು ಹವಣಿಸುತ್ತದೆ. ಕೀಲಿಗೆ ಬೇಕಾದುದಾದರೋ ಎಂದೆಂದಿಗೂ ಮೃದ್ವಸ್ಥಿಯಾಗಿಯೇ ಉಳಿಯುವ ಪದರ. ಕೋಶವನ್ನು ಹೊರಡಿಸುವುದು ಸುಲಭ, ಬೇಕಾದಲ್ಲಿ ನಿಲ್ಲಿಸುವುದು ಕಷ್ಟ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2020ರಲ್ಲಿ ಇಲಿಗಳಲ್ಲಿ ಇದನ್ನು ಸಾಧಿಸುವ ದಾರಿಯೊಂದನ್ನು ತೋರಿಸಿದರು. ಸವೆದ ಕೀಲಿನಲ್ಲಿ ತೂತುಗಳನ್ನಿಟ್ಟು ಅಲ್ಲಿನ ಆಕರಕೋಶಗಳನ್ನು ಎಚ್ಚರಿಸಿ, ಮೂಳೆಯತ್ತ ಹೊರಡುವಂತೆ ಪ್ರಚೋದಿಸುವ ಪ್ರೋಟೀನೊಂದನ್ನು ಕೊಟ್ಟು, ರಕ್ತನಾಳಗಳು ಬೆಳೆಯದಂತೆ ತಡೆಯುವ ಔಷಧವನ್ನೂ ಕೊಟ್ಟರು. ಕೋಶಗಳು ನಡುದಾರಿಯಲ್ಲಿಯೇ ನಿಂತು ಮೃದ್ವಸ್ಥಿಯಾದವು. ಪ್ರಿಡೀಯವರ ಹಳೆಯ ತೂತುಗಳಿಗೆ ಹೊಸ ತಿಳಿವಳಿಕೆ ಸೇರಿತು.

ಕರ್ನಾಟಕಕ್ಕೂ ಈ ಕಥೆಯಲ್ಲಿ ಪಾಲಿದೆ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಎಂಬ ಸಂಸ್ಥೆಯು ದಾನಿಗಳ ಮಜ್ಜೆಯಿಂದ ಆಕರಕೋಶಗಳನ್ನು ಬೆಳೆಸಿ, ಶೀತದಲ್ಲಿ ಕಾಪಿಟ್ಟು, ಮಂಡಿಗೆ ಚುಚ್ಚುವ ಔಷಧವೊಂದನ್ನು ಸಿದ್ಧಪಡಿಸಿತು. 146 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ನೋವು, ಬಿಗಿತ, ಚಲನೆಗಳನ್ನು ಅಳೆದಾಗ, ಸೋಗಿನ ಔಷಧ ಪಡೆದವರಿಗಿಂತ ಕೋಶಗಳನ್ನು ಪಡೆದವರಿಗೆ ಹೆಚ್ಚು ಗುಣ ಕಂಡಿತು. 2022ರಲ್ಲಿ ಭಾರತದ ಔಷಧ ನಿಯಂತ್ರಣಾಧಿಕಾರಿಗಳು ಇದಕ್ಕೆ ಅನುಮತಿಯಿತ್ತರು. ಒಂದು ಪರೀಕ್ಷೆ ಹೌದೆಂದಾಗ, ಇನ್ನೊಂದು ಅಲ್ಲವೆಂದಾಗ, ವಿಜ್ಞಾನವು ಮೂರನೆಯ ಪರೀಕ್ಷೆಯನ್ನು ಬೇಡುತ್ತದೆ. ನೋವು ಇಳಿಯುವುದು ಒಂದು ಲಾಭ. ಸವೆದ ಪದರ ಮತ್ತೆ ಬೆಳೆಯುವುದು ಇನ್ನೊಂದು. ಒಂದನ್ನು ತೋರಿಸಿ ಇನ್ನೊಂದು ಆಯಿತೆನ್ನಬಾರದು.

ಈ ವಿವೇಕ ಕೇವಲ ವಿದ್ವಾಂಸರಿಗೆ ಬೇಕಾದುದಲ್ಲ. ನೋವಿನಲ್ಲಿರುವವನು ಆಸೆಯ ಮಾತಿಗೆ ಬೇಗ ಮರುಳಾಗುತ್ತಾನೆ. ಆಕರಕೋಶಗಳಿಂದ ಎಲ್ಲ ರೋಗಗಳೂ ಗುಣವಾಗುತ್ತವೆಂದು ಜಾಹೀರಾತು ಹಾಕಿ, ಅಪಾರ ಹಣ ಕೀಳುವವರು ಹಲವು ದೇಶಗಳಲ್ಲಿ ಹುಟ್ಟಿಕೊಂಡರು. ಹೊಲ ಮಾರಿ ಚಿಕಿತ್ಸೆ ಮಾಡಿಸಿಕೊಂಡವನಿಗೆ ಗುಣವಾಗದಿದ್ದರೆ ಆರೋಗ್ಯದೊಡನೆ ಬದುಕಿನ ಆಧಾರವೂ ಹೋಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಜೈವಿಕ ತಂತ್ರಜ್ಞಾನ ಇಲಾಖೆಯೊಡನೆ ಸೇರಿ 2017ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ಈ ವಿಷಯದಲ್ಲಿ ಎಚ್ಚರ ನೀಡಿತು. ರಕ್ತಸಂಬಂಧವಾದ ಕೆಲವು ರೋಗಗಳಿಗೆ ಮಾಡುವ ಮಜ್ಜೆಯ ಕಸಿಯನ್ನು ಬಿಟ್ಟರೆ, ಸಿದ್ಧಪಡದ ಆಕರಕೋಶ ಚಿಕಿತ್ಸೆಗಳನ್ನು ಅನುಮತಿ ಪಡೆದ ಪರೀಕ್ಷೆಗಳಲ್ಲಿ ಮಾತ್ರ ನಡೆಸಬೇಕೆಂದು ಅದು ವಿಧಿಸಿತು. ಪರೀಕ್ಷೆಯಲ್ಲಿರುವುದನ್ನು ಪರಿಹಾರವೆಂದು ಮಾರುವುದು ರೋಗಿಗೂ ದ್ರೋಹ, ವಿಜ್ಞಾನಕ್ಕೂ ದ್ರೋಹ.

ವಿಲಿಯಂ ಹಂಟರನು ತನ್ನ ಮಾತನ್ನು ಬರೆದು ಎರಡೂಮುಕ್ಕಾಲು ಶತಮಾನಗಳು ಕಳೆದಿವೆ. ಸವೆದ ಕೀಲಿಗೆ ಹುಟ್ಟಿನಿಂದ ಬಂದ ಆ ಹಾಲುಗಾಜಿನ ಪದರವನ್ನು ಸಂಪೂರ್ಣವಾಗಿ ಮರಳಿ ತಂದುಕೊಟ್ಟವರು ಇನ್ನೂ ಯಾರೂ ಇಲ್ಲ. ಆದರೆ ಅದು ಏಕೆ ಮರಳುವುದಿಲ್ಲವೆಂಬುದು ತಿಳಿದಿದೆ. ನೆರವು ಎಲ್ಲಿದೆಯೆಂಬುದೂ ತಿಳಿದಿದೆ. ಅದು ಗಾಯದಿಂದ ಕೆಲವೇ ಮಿಲಿಮೀಟರುಗಳ ಕೆಳಗೆ, ಗೋಡೆಯ ಆಚೆಗೆ, ಮಜ್ಜೆಯಲ್ಲಿದೆ. ಗೋಡೆಯನ್ನು ಕೊರೆದವರು ಕೆಲವರು, ತಟ್ಟೆಯ ತಳವನ್ನು ನೋಡಿದವರು ಕೆಲವರು, ಉಪ್ಪುನೀರಿನ ಸಾಕ್ಷ್ಯವನ್ನು ಕೇಳುವ ಧೈರ್ಯ ತೋರಿದವರು ಕೆಲವರು. ಇವರಲ್ಲಿ ಯಾರೂ ಪೂರ್ತಿ ಗೆದ್ದವರಲ್ಲ; ಆದರೆ ಯಾರ ಹೆಜ್ಜೆಯೂ ವ್ಯರ್ಥವಾಗಲಿಲ್ಲ. ಆಟದ ಬಯಲಿನಲ್ಲಿ ಎಡವಿ ಬಿದ್ದ ಬಾಲಕನು ಅಂಗೈಯ ಗಾಯವನ್ನು ನಾಲ್ಕು ದಿನಗಳಲ್ಲಿ ಮರೆಯುತ್ತಾನೆ. ಮಂಡಿಯ ಗಾಯವನ್ನೂ ಅಷ್ಟೇ ನಿಶ್ಚಿಂತೆಯಿಂದ ಮರೆಯಬಲ್ಲ ದಿನವೊಂದು ಬರಬೇಕಾದರೆ, ಆಸೆಯನ್ನು ಬಿಡದ, ಆದರೆ ಆಸೆಯನ್ನೇ ಪ್ರಮಾಣವೆಂದು ಒಪ್ಪದ ಜನರು ಈ ಕೆಲಸವನ್ನು ಮುಂದುವರಿಸಬೇಕು.